‘ಹೋದ’ ಎಂದು ಬರೆದ ಹನ್ನೊಂದು ಹೆಸರು

ಸಂಜೆ ಐದರೊಳಗೆ ವರದಿಯನ್ನು ವೈದ್ಯಕೀಯ ಪತ್ರಿಕೆಗೆ ಕಳಿಸಬೇಕು. ಗಂಟೆ ಆಗಲೇ ಮೂರು. ಗಾಳಿಬೀಡಿನ ಕಾಫಿ ಎಸ್ಟೇಟಿಗೆ ಸಂಶೋಧನಾ ಸಹಾಯಕಿ ದಿವ್ಯ ಬಂದದ್ದು ಕೆಲಸಗಾರರ ರಿಜಿಸ್ಟರಿನ ಮೇಲೆ ಕೊನೆಯದಾಗಿ ಕಣ್ಣಾಡಿಸಲು, ಬರೀ ಶಾಸ್ತ್ರಕ್ಕೆ.

ಎರಡು ವರ್ಷದ ಹೃದ್ರೋಗದ ಅಧ್ಯಯನ ಅದು. ಈ ಎಸ್ಟೇಟಿನ ನೂರೈವತ್ತು ಕೆಲಸಗಾರರಿಗೆ ಹೊಸ ಮಾತ್ರೆ, ಸೋಮವಾರಪೇಟೆ ಕಡೆಯ ಎಸ್ಟೇಟಿನ ಅಷ್ಟೇ ಜನಕ್ಕೆ ಹಳೆಯದು. ಹಳೆಯದರಲ್ಲಿ ಸತ್ತವರು ಹದಿನೇಳು, ಹೊಸದರಲ್ಲಿ ಐದೇ ಐದು! ಅಧ್ಯಯನದ ಮುಖ್ಯಸ್ಥ ಡಾಕ್ಟರ್ ಪೊನ್ನಪ್ಪ ಮಡಿಕೇರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಇದನ್ನು ಹೇಳಿ ಮುಗಿಸಿದ್ದರು. ಇಲ್ಲಿಂದ ಹೋದ ಹನ್ನೊಂದು ಮಂದಿಯನ್ನು ಮಾತ್ರ ದಿವ್ಯ ಲೆಕ್ಕದಿಂದ ಕೈಬಿಟ್ಟಿದ್ದಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸಾಂತಪ್ಪ ವಾಟ್ಸಾಪಿನಲ್ಲಿ ಕಳಿಸಿದ್ದ ಪುಟದಲ್ಲಿ ಅವರ ಹೆಸರಿನ ಮುಂದೆ ‘ಹೋದ’ ಎಂದಿತ್ತು. ಅದರಲ್ಲೊಂದು ಹೆಸರು, ಮೊದಲ ವರ್ಷ ಅವಳೇ ಮನೆಗೆ ಬಂದು ಮಾತ್ರೆ ಎಣಿಸುತ್ತಿದ್ದ ನಿಂಗನದು.

"ನಿಂಗ ಯಾವೂರಿಗೆ ಹೋದ ಸಾಂತಪ್ಪಣ್ಣ? ನಂಗೊಂದು ಮಾತೂ ಹೇಳ್ಲಿಲ್ಲ ಮಾರಾಯ," ಎಂದು ನಗುತ್ತಲೇ ಕೇಳಿದಳು.

ಸಾಂತಪ್ಪ ಅವಳನ್ನೇ ನೋಡಿದ. "ಊರಿಗಲ್ಲ ಮೇಡಂ. ಹೋದ ಅಂದ್ರೆ... ಹೋದ. ಕಾಫಿ ಹಣ್ಣು ಪಿಕಿಂಗ್ ಟೈಮಲ್ಲಿ, ಎದೆನೋವು ಅಂತ ಕೂತೋನು ಏಳ್ಲೇ ಇಲ್ಲ. ಸತ್ತ ಅಂತ ಬರೆಯೋಕೆ ಕೈ ಬರುತ್ತಾ?"

ದಿವ್ಯ ರಿಜಿಸ್ಟರನ್ನು ಹತ್ತಿರಕ್ಕೆ ಎಳೆದುಕೊಂಡಳು. ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಕೇಳಿದಳು. ಮೂವರು ಕೆಲಸ ಬಿಟ್ಟವರು. ಎಂಟು ಜನ ಸತ್ತವರು! ಹಾಗಾದರೆ ಐದಲ್ಲ, ಹದಿಮೂರು. ಹದಿಮೂರಕ್ಕೂ ಹದಿನೇಳಕ್ಕೂ ಇರುವ ಅಂತರ ಮಾತ್ರೆಯಿಂದಲೇ ಬಂತು ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಇಷ್ಟು ಸಣ್ಣ ಗುಂಪಿನಲ್ಲಿ ಅದು ಬರೀ ಆಕಸ್ಮಿಕವೂ ಆಗಬಹುದು. ಅಯ್ಯೋ, ಹುಟ್ಟಿದಂದಿನಿಂದ ಕನ್ನಡ ಆಡಿದವಳಿಗೆ ಒಂದು ‘ಹೋದ’ ಗೊತ್ತಾಗಲಿಲ್ಲವಲ್ಲ! ಹೇಳದೆ ಕೇಳದೆ ಹೋದನೆಂದು ನಿಂಗನ ಮೇಲೆ ಸಿಟ್ಟು ಬೇರೆ ಮಾಡಿಕೊಂಡಿದ್ದಳು.

ಕೆಲಸಗಾರರ ಲೈನ್‌ಮನೆಯ ಜಗಲಿಯಲ್ಲಿ ನಿಂಗನ ಹೆಂಡತಿ ಚೋಮಿ ಕೂತಿದ್ದಳು. ದಿವ್ಯಳನ್ನು ಕಂಡವಳೇ ಒಳಗೆ ಹೋಗಿ ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದಳು. ಉಳಿದ ಮಾತ್ರೆಗಳು.

"ಎಣಿಸ್ಲಿಕ್ಕೆ ನೀವು ಬಂದೇ ಬರ್ತೀರಿ ಅಂತ ಇಟ್ಟಿದ್ದೆ ಅಮ್ಮ. ನಾನು ಒಂದೂ ಮುಟ್ಲಿಲ್ಲ."

ಇಪ್ಪತ್ತೆರಡು ಇದ್ದವು. ದಿವ್ಯ ಎರಡು ಸಲ ಎಣಿಸಿದಳು, ಕಣ್ಣು ಮಂಜಾಗಿ ಮತ್ತೊಮ್ಮೆ ಎಣಿಸಬೇಕಾಯಿತು.

ನಾಲ್ಕು ಗಂಟೆಗೆ ಎಸ್ಟೇಟ್ ಆಫೀಸಿನ ಮುಂದೆ ನಿಂತು ಫೋನ್ ಮಾಡಿದಳು. ಎಲ್ಲ ಕೇಳಿಸಿಕೊಂಡ ಪೊನ್ನಪ್ಪ ಮೊದಲು ಕೇಳಿದ್ದು ಒಂದೇ.

"ಎಂಟ್ರಿ ಮಾಡಿದ್ದು ಯಾರು?"

"ನಾನೇ ಸರ್." ಕೆಲಸ ಹೋಯಿತು ಎಂದೇ ಅಂದುಕೊಂಡಳು.

"ನೋಡು ದಿವ್ಯ, ಇನ್ನೊಂದು ಗಂಟೆ ಇದೆ. ಆ ಹನ್ನೊಂದು ಜನ ‘ಸಂಪರ್ಕಕ್ಕೆ ಸಿಗಲಿಲ್ಲ’ ಅಂತ ಕೆಳಗೆ ಒಂದು ಸಾಲು ಹಾಕಿದ್ರೆ? ನಿನ್ನೆವರೆಗೆ ಅದು ಸುಳ್ಳೇನೂ ಆಗಿರ್ಲಿಲ್ಲ."

ಅವಳ ಮುಷ್ಟಿಯಲ್ಲಿ ಬಟ್ಟೆಯ ಗಂಟಿತ್ತು.

"ಇವತ್ತು ಸಿಕ್ಕಿದ್ದಾರೆ ಸರ್."

ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು. "ಎಂಟು ಹೆಸರನ್ನೂ ಹೇಳು," ಎಂದರು ಪೊನ್ನಪ್ಪ, "ಬರ್ಕೊಳ್ತೇನೆ."

"ಮೊದಲು ನಿಂಗ ಸರ್," ಎಂದಳು ದಿವ್ಯ. "ಸತ್ತ ಅಂತಲೇ ಬರೀರಿ."