ಬಹುಮಾನ ಬಂದ ಪಾಯಖಾನೆ

ಎರಡು ಸಾವಿರದ ನಾಲ್ಕನೇ ಇಸವಿಯ ಮಳೆಗಾಲ. ಮಳೆಗಾಲವೆಂಬುದು ಹೆಸರಿಗಷ್ಟೇ; ಹುಬ್ಬಳ್ಳಿಯ ನಳಗಳಲ್ಲಿ ವಾರಕ್ಕೊಮ್ಮೆ ನೀರು ಬಂದರೆ ಪುಣ್ಯ. ದುರ್ಗದಬೈಲಿನ ಹಿಂದಿನ ಓಣಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಲಕ್ಷ್ಮೀಬಾಯಿ ಶನಿವಾರ ಮುಂಜಾನೆ ಎಂಟನೇ ಇಯತ್ತೆಗೆ ಆರೋಗ್ಯ ಮತ್ತು ಪರಿಸರದ ತಾಸು ತೆಗೆದುಕೊಳ್ಳುತ್ತಿದ್ದರು. ಅಂದು ಕರಿಹಲಗೆಯ ಎಡಕ್ಕೆ ‘ನೀರು ಉಳಿಸಿರಿ’ ಎಂದೂ ಬಲಕ್ಕೆ ‘ನೀರು ಹೆಚ್ಚು ಕುಡಿಯಿರಿ’ ಎಂದೂ ಬರೆದರು. ಎರಡೂ ಮಾತು ಒಟ್ಟಿಗೆ ನಡೆಯುವುದು ಹೇಗೆಂದು ಚಂದಾಗಿ ವಿವರಿಸಿದರು. ಹುಡುಗಿಯರು ಇನ್ನೂ ಚಂದಾಗಿ ಬರೆದುಕೊಂಡರು.

ಪಾಠ ಮುಗಿಸಿ ಸಾಲುಗಳ ನಡುವೆ ನಡೆದಾಗ ಅವರ ಕಣ್ಣಿಗೆ ಬಿದ್ದದ್ದು ಬಾಟಲಿಗಳು. ಶಾಲೆ ಬಿಡುವ ಹೊತ್ತಾಗಿದ್ದರೂ ಒಂದೊಂದೂ ಕಂಠದವರೆಗೆ ತುಂಬಿದ್ದವು.

“ಯಾಕ ಮಾಯಾ, ನೀರು ತಂದಿದ್ದು ನೋಡಾಕೇನ?”

ಮಾಯಾ ತಲೆ ಬಗ್ಗಿಸಿದಳು. ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು. ಕೊನೆಗೆ ಸತ್ಯವ್ವ ಎಂಬ ಗಟ್ಟಿ ಹುಡುಗಿ ಎದ್ದು ನಿಂತಳು. “ಕುಡದ್ರ ಎಲ್ಲಿ ಹೋಗೂದ್ರಿ ಅಕ್ಕಾರ?”

ಶಾಲೆಯ ಹಿಂದೆ ಹುಡುಗಿಯರ ಪಾಯಖಾನೆಯೇನೋ ಇತ್ತು. ಬಾಗಿಲಿಗೆ ಬೀಗವಿತ್ತು, ಒಳಗೆ ಮುರಿದ ಬೆಂಚುಗಳಿದ್ದವು. ಹುಡುಗರಿಗೆ ಹಿತ್ತಲ ಗೋಡೆ ಇತ್ತು. ಮಾಸ್ತರರಿಗೂ ಬಾಯಾರಿಗೂ ಸ್ಟಾಫ್ ರೂಮಿನ ಒಳಗೇ ಬೇರೆ ಪಾಯಖಾನೆ ಇತ್ತು. ಹುಡುಗಿಯರು ಮಾತ್ರ ಮುಂಜಾನೆಯಿಂದ ಸಂಜೆಯವರೆಗೆ ತುಟಿ ಒಣಗಿಸಿಕೊಂಡು ಕೂತಿರುತ್ತಿದ್ದರು.

ಮುಖ್ಯೋಪಾಧ್ಯಾಯ ಗುರುಶಿದ್ದಪ್ಪನವರು ಕೆಟ್ಟವರೇನಲ್ಲ. ಪರೀಕ್ಷೆಯ ದಿನ ಬಡ ಮಕ್ಕಳಿಗೆ ತಮ್ಮ ಕೈಯಿಂದಲೇ ಪೆನ್ನು ಕೊಡುವ ಮನುಷ್ಯ. ಆದರೆ ಪಾಯಖಾನೆಯ ಮಾತು ಎತ್ತಿದರೆ ಸಾಕು, ಅಂಗೈ ಬಿಡಿಸಿ ತೋರಿಸುತ್ತಿದ್ದರು. “ತೆರೀಬಹುದು ಬಾಯಾರ. ತೊಳಿಯಾಕ ನೀರು ನನ್ನ ಅಂಗೈಯಾಗಿಂದ ಹಿಂಡ್ಲೇನು?”

ಮುಂದಿನ ವಾರ ಮಾಯಾ ಬರಲಿಲ್ಲ. ವಿಚಾರಿಸಿಕೊಂಡು ಲಕ್ಷ್ಮೀಬಾಯಿ ಅವಳ ಮನೆಗೇ ಹೋದರು. ತಾಯಿ ರೇಣವ್ವ ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುವವಳು. ಮಾತಾಡುವಾಗಲೂ ಉರಿಯುವ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

“ಈಕಿಗೆ ಉರಿಮೂತ್ರರೀ. ಎಲ್ಡನೇ ಸಲ. ನೀರು ಕುಡೀಬೇಕಂತಾರ ಡಾಕ್ಟರು. ನಿಮ್ಮ ಸಾಲ್ಯಾಗ ಕುಡಿಯಂಗಿಲ್ಲ ಈಕಿ. ನಾಳಿ ದೊಡ್ಡಾಕಿ ಆಗ್ತಾಳ, ಆಗೇನ್ ಮಾಡ್ಲಿ? ನನ್ನ ಜೋಡಿ ಯಾರ್ಡಿಗೆ ಬರ್ಲಿ ತಗೋರಿ. ಅಲ್ಲೆ ಮರಿ ಮಾಡಾಕ ಒಂದು ಗ್ವಾಡಿಯರ ಐತಿ.”

“ಪಾಯಖಾನಿ ತೆರಸ್ತೇನಿ, ರೇಣವ್ವಾ. ಖರೇನ ಹೇಳಾಕತ್ತೇನಿ. ಆಕಿನ್ನ ಬಿಡಿಸಬ್ಯಾಡ.”

“ನಿಮ್ಮ ಮಾತಿನ ಮ್ಯಾಲ ಕಳಸ್ತೇನ್ರಿ,” ಅಂದಳು ರೇಣವ್ವ. “ಸಾಲಿ ಮ್ಯಾಲಿನ ನಂಬಿಕಿಗಲ್ಲ.”

ಮಧ್ಯಾಹ್ನ ಊಟವಾದ ಮೇಲೆ ಮಕ್ಕಳು ಕೈ ತೊಳೆಯುವ, ಡಬ್ಬಿ ಗಲಬರಿಸುವ ನೀರೆಲ್ಲ ಗಟಾರಕ್ಕೆ ಹರಿದುಹೋಗುವುದನ್ನು ಲಕ್ಷ್ಮೀಬಾಯಿ ದಿನವೂ ನೋಡುತ್ತಿದ್ದರು. ದುರ್ಗದಬೈಲಿನ ಎಣ್ಣೆ ಅಂಗಡಿಯವನನ್ನು ಒಂದು ಖಾಲಿ ಬ್ಯಾರಲ್ ಕೇಳಿದರು. “ಹುಡುಗ್ಯಾರ ಸಲುವಾಗಿ ಅಂತೀರಿ, ತಗೊಂಡು ಹೋಗ್ರಿ,” ಎಂದು ಅವನು ಹಮಾಲಿಯ ಕೈಯಲ್ಲಿ ಶಾಲೆಯವರೆಗೂ ಉರುಳಿಸಿ ಕಳಿಸಿದ; ಸೋಪು ಹಾಕಿ ತೊಳೆಸಿಯೇ ಕಳಿಸಿದ್ದ. ಮಕ್ಕಳು ತಗಡಿನ ಬುಟ್ಟಿಯ ಮೇಲೆ ಕೈ ತೊಳೆದರು. ಬುಟ್ಟಿಯ ನೀರು ಅರಿವೆಯಲ್ಲಿ ಸೋಸಿಕೊಂಡು, ಪಾಯಖಾನೆ ತೊಳೆಯಲೆಂದು ಅದರ ಬಾಗಿಲ ಬಳಿ ಇಟ್ಟ ಬ್ಯಾರಲಿಗೆ ಬಿತ್ತು. ಗುರುಶಿದ್ದಪ್ಪ ಗೊಣಗುತ್ತಲೇ ಕೀಲಿ ಕೊಟ್ಟರು. ಶಾಲೆಯ ಸಿಪಾಯಿ ದುರಗಪ್ಪ ಬೆಂಚುಗಳನ್ನು ಹೊರಗೆ ಹಾಕಿದ. ಯಾರೂ ಹೇಳದಿದ್ದರೂ ಬಾಗಿಲಿಗೆ ಒಳಗಿನಿಂದ ಹೊಸದೊಂದು ಚಿಲಕ ಹೊಡೆದು ಕೊಟ್ಟ.

ಮಾಯಾ ಬಂದಳು. ಬಾಟಲಿಗಳು ಮಧ್ಯಾಹ್ನಕ್ಕೇ ಖಾಲಿಯಾಗತೊಡಗಿದವು. ತಾವು ಕಲಿಸಿದ ಪಾಠವೊಂದು ಮಕ್ಕಳ ಗಂಟಲಲ್ಲಿ ಇಳಿಯುವುದನ್ನು ಲಕ್ಷ್ಮೀಬಾಯಿ ಇಷ್ಟು ವರ್ಷಗಳ ನೌಕರಿಯಲ್ಲಿ ಮೊದಲ ಸಲ ಕಂಡರು.

ಅಷ್ಟರಲ್ಲಿ ತಾಲೂಕಿನ ಸ್ಪರ್ಧೆ ಬಂತು. ಸ್ವಚ್ಛ ಶಾಲೆ, ಹಸಿರು ಶಾಲೆ. ಲಕ್ಷ್ಮೀಬಾಯಿ ಧಾರವಾಡದಲ್ಲಿ ತರಬೇತಿಗೆಂದು ಮೂರ್ನಾಲ್ಕು ದಿನ ಹೋಗಿ ಬರುವಷ್ಟರಲ್ಲಿ ಶಾಲೆಯ ರೂಪವೇ ಬದಲಾಗಿತ್ತು. ಪಾಯಖಾನೆಗೆ ಸುಣ್ಣ ಬಳಿದು, ಗೋಡೆಯ ಮೇಲೆ ನಗುವ ಹನಿಯ ಚಿತ್ರ ಬರೆಸಿದ್ದರು. ಬ್ಯಾರಲ್ಲು ನೀಲಿ ಬಣ್ಣ ಹೊಡೆಸಿಕೊಂಡು ಧ್ವಜಕಂಬದ ಪಕ್ಕಕ್ಕೆ ಬಂದು ನಿಂತಿತ್ತು, ಅದರ ತುಂಬ ನಳದ ಹೊಸ ನೀರು, ಮೇಲೆ ಸೇವಂತಿಗೆ. ಪಾಯಖಾನೆಯ ಬಾಗಿಲಿಗೆ ಮಾತ್ರ ಬೀಗ.

“ಇದೇನ್ರಿ ಸರ?”

“ಕಮಿಟಿಯವರು ಬರೂತನಾ ಹೊಲಸಾಗಬಾರದಲ್ಲರಿ. ಆಮ್ಯಾಲ ನಿಮ್ಮ ಹುಡುಗ್ಯಾರದಽ.”

ಕಮಿಟಿ ಬಂತು, ಮೂಗು ಮುಚ್ಚಿಕೊಳ್ಳದೆ ಒಳಗೆ ಇಣುಕಿತು, ಮೆಚ್ಚಿತು. ಮೊದಲ ಬಹುಮಾನ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಆಫೀಸಿನಲ್ಲಿ ತೂಗುಹಾಕಿದರು. ಬೀಗ ತೆಗೆಯಲಿಲ್ಲ. ಬಹುಮಾನ ಬಂದ ಪಾಯಖಾನೆ ನೋಡಲು ಬೇರೆ ಶಾಲೆಯವರು ಬರುವವರಿದ್ದರು. ಅವರು ಬಂದು ಹೋದ ಮೇಲೆ ಇನ್ನೊಬ್ಬರು.

ಲಕ್ಷ್ಮೀಬಾಯಿ ದಿನವೂ ಕೇಳಿದರು. ಮೆತ್ತಗೆ ಕೇಳಿದರು, ನಕ್ಕು ಕೇಳಿದರು, ಒಂದು ದಿನ ದನಿ ಏರಿಸಿಯೂ ಕೇಳಿದರು. ಏರಿಸಿದ ದನಿ ನಡುವೆಯೇ ನಡುಗಿತು. ಅದಕ್ಕಾಗಿ ತಮ್ಮ ಮೇಲೆಯೇ ಅವರಿಗೆ ಸಿಟ್ಟು ಬಂತು.

“ನಾಲ್ಕ ದಿನ ತಡೀರಿ ಬಾಯಾರ,” ಗುರುಶಿದ್ದಪ್ಪನವರದು ಒಂದೇ ಉತ್ತರ. “ಪ್ರೈಜ್ ಬಂದದ್ದನ್ನ ಲಗೂನ ಕೆಡಿಸಿದ್ರ ಮಂದಿ ಏನಂದಾರು?”

ಬಾಟಲಿಗಳು ಮತ್ತೆ ತುಂಬಿಯೇ ಮನೆಗೆ ಹೋಗತೊಡಗಿದವು. ಮಾಯಾ ಒಮ್ಮೆ ಮೆಲ್ಲಗೆ ಕೇಳಿದಳು, “ಅಕ್ಕಾರ, ಇವತ್ತ ನೀರು ಕುಡೀಲೇನ್ರಿ, ಬ್ಯಾಡೇನ್ರಿ?” ಆ ಗುರುವಾರ ಮಾಯಾಳ ಜಾಗ ಮತ್ತೆ ಖಾಲಿ. ರೇಣವ್ವ ಅವಳನ್ನು ಯಾರ್ಡಿಗೆ ಕರೆದೊಯ್ದಿದ್ದಾಳೆಂದು ಸತ್ಯವ್ವ ಹೇಳಿದಳು.

ಮರುದಿನ ಊಟದ ಬಿಡುವಿನಲ್ಲಿ ಲಕ್ಷ್ಮೀಬಾಯಿ ಎಂಟನೇ ಇಯತ್ತೆಯ ಬಾಗಿಲಲ್ಲಿ ನಿಂತು, “ಹುಡುಗ್ಯಾರೆಲ್ಲಾ ನೀರು ಕುಡೀರಿ. ಕುಡದು ನನ್ನ ಹಿಂದ ಬರ್ರಿ,” ಅಂದರು. ನೇರವಾಗಿ ಸ್ಟಾಫ್ ರೂಮಿಗೇ ಕರೆತಂದರು. ಹುಡುಗಿಯರು ಗೋಡೆಗೆ ಅಂಟಿಕೊಂಡು ಸಾಲಾಗಿ ನಿಂತರು. ಬುತ್ತಿ ಬಿಚ್ಚಿದ್ದ ಗಣಿತದ ಮಾಸ್ತರರು ಗಡಬಡಿಸಿ ಎದ್ದು ಹೊರಗೆ ಹೋದರು.

“ಏನ್ರಿ ಇದು, ಅಕ್ಕಾರ?” ಹೊಲಿಗೆ ಕಲಿಸುವ ಶಹಜಹಾನಬೇಗಂ ಕೇಳಿದರು.

“ನೀರು ಕುಡದಾರ. ಎಲ್ಲೆರ ಹೋಗಬೇಕಲ್ಲ?”

ಶಹಜಹಾನಬೇಗಂ ತಮ್ಮ ಕುರ್ಚಿ ಸರಿಸಿ ದಾರಿ ಬಿಟ್ಟರು. ಹೊಲಿಗೆಯ ತರಗತಿಗೆಂದು ತಂದಿದ್ದ ಹಸಿರು ಬಟ್ಟೆಯನ್ನು ಒಳಗಿನ ಪಾಯಖಾನೆಯ ಬಾಗಿಲಿಗೆ ಮರೆಯಾಗಿ ಅಡ್ಡ ಕಟ್ಟಿದರು. “ನಾಚಬ್ಯಾಡ್ರಿ ಬೇಟಾ. ಒಬ್ಬೊಬ್ಬರು ಹೋಗ್ರಿ.”

ಬೇರೆ ಶಾಲೆಯ ಮುಖ್ಯೋಪಾಧ್ಯಾಯರನ್ನು ಕರೆದುಕೊಂಡು ಗುರುಶಿದ್ದಪ್ಪ ಬಂದದ್ದು ಅದೇ ಹೊತ್ತಿಗೆ. ಚಹಾ ಕುಡಿಸಿ ಹಿಂದಿನ ಪಾಯಖಾನೆ ತೋರಿಸುವ ವಿಚಾರವಿತ್ತು. ಸಾಲು ಆಗ ವರಾಂಡದವರೆಗೂ ಬೆಳೆದಿತ್ತು. ಒಂಬತ್ತನೇ ಇಯತ್ತೆಯವರೂ ಬಂದು ಸೇರಿದ್ದರು.

“ಇದೇನು, ರೇಶನ್ ಕೊಡಾಕತ್ತಾರೇನು?” ಅಂದರು ಬಂದವರು.

ಗುರುಶಿದ್ದಪ್ಪನವರ ಮುಖ ಕೆಂಪಗಾಯಿತು. “ಬಾಯಾರ, ಮರ್ಯಾದಿ ಅಂಬೂದು ಐತೋ ಇಲ್ಲೋ?”

“ಅದನ್ನ ಕೇಳಾಕಽ ಇಷ್ಟು ದಿನ ನಿಮ್ಮ ಕಡೆ ಬರತಿದ್ದೆ, ಸರ,” ಅಂದರು ಲಕ್ಷ್ಮೀಬಾಯಿ. ಈ ಸಲ ದನಿ ಏರಲಿಲ್ಲ, ನಡುಗಲೂ ಇಲ್ಲ. “ಬಹುಮಾನದ್ದು ಮುಚ್ಚೇದರೀ. ತೆರದದ್ದು ಇದೊಂದಽ. ನಾಳೀನೂ ಕರಕೊಂಡ ಬರ್ತೇನಿ.”

ಬಂದವರು ಕೆಮ್ಮಿ ಗೋಡೆಯ ಕಡೆ ನೋಡಿದರು. ಗುರುಶಿದ್ದಪ್ಪ ಜೇಬಿನಿಂದ ಕೀಲಿ ತೆಗೆದು ದುರಗಪ್ಪನತ್ತ ಎಸೆದರು. “ತೆಗಿಯೋ. ಹೊಲಸಾದ್ರ ನನ್ನ ಕಡೆ ಬರಬ್ಯಾಡ್ರಿ ಮತ್ತ.”

ಗೆದ್ದೆನೆಂದು ಲಕ್ಷ್ಮೀಬಾಯಿಗೆ ಅನ್ನಿಸಲಿಲ್ಲ. ಒಂದು ಬೀಗ ತೆಗೆಸಲು ಇಷ್ಟು ಹುಡುಗಿಯರನ್ನು ಸಾಲಿನಲ್ಲಿ ನಿಲ್ಲಿಸಬೇಕಾಯಿತಲ್ಲ. ಸಂಜೆ ಯಾರ್ಡಿಗೆ ಹೋದರು. ಮೆಣಸಿನಕಾಯಿಯ ಘಾಟಿಗೆ ಕಣ್ಣು ಬಿಡಲಾಗಲಿಲ್ಲ. ಕೆಂಪು ರಾಶಿಯ ಅಂಚಿನಲ್ಲಿ ಮಾಯಾ ಮೂಗಿಗೆ ಅರಿವೆ ಕಟ್ಟಿಕೊಂಡು ತಾಯಿಯ ಪಕ್ಕ ಕುಳಿತಿದ್ದಳು. ಟೀಚರನ್ನು ಕಂಡು ಎದ್ದಳು. ತಾಯಿಯ ಮುಖ ನೋಡಿ ಮತ್ತೆ ಕುಳಿತಳು.

“ತೆರದಾರ, ರೇಣವ್ವಾ.”

“ಎಷ್ಟ ದಿನಾರೀ?” ರೇಣವ್ವ ಕೆಲಸ ನಿಲ್ಲಿಸಲಿಲ್ಲ.

“ಗೊತ್ತಿಲ್ಲವಾ. ಮುಚ್ಚಿದ್ರ ಮತ್ತ ಜಗಳಾಡ್ತೇನಿ. ಅಷ್ಟು ಹೇಳಬಲ್ಲೆ.”

ರೇಣವ್ವ ಈಗ ತಲೆ ಎತ್ತಿದಳು. ಘಾಟಿಗೆ ನೀರಿಳಿಯುತ್ತಿದ್ದ ಅವರ ಕಣ್ಣು ನೋಡಿ, ತನ್ನ ಸೆರಗಿನ ಒಳತುದಿ, ಖಾರ ತಾಗದ ತುದಿಯನ್ನು ಹುಡುಕಿ ಮುಂದೆ ಹಿಡಿದಳು. “ಒರೆಸಿಕೋರಿ. ಕೈಯಿಂದ ತಿಕ್ಕಬ್ಯಾಡ್ರಿ, ಜಾಸ್ತಿ ಉರೀತದ.” ಮತ್ತೆ ರಾಶಿಗೆ ಕೈ ಹಾಕುತ್ತ, “ಬಾಯಿಮಾತು ಇನ್ನ ಸಾಕ್ರಿ ಅಕ್ಕಾರ. ಸೋಮವಾರ ನಾನಽ ಬಂದು ನೋಡ್ತೇನಿ,” ಅಂದಳು.

ಸೋಮವಾರ ಪ್ರಾರ್ಥನೆ ಮುಗಿಯುವ ಹೊತ್ತಿಗೆ ರೇಣವ್ವ ಬಂದಳು. ಮಗಳು ಎರಡು ಹೆಜ್ಜೆ ಹಿಂದೆ. ಆಫೀಸಿನ ಕಡೆ ತಿರುಗಿಯೂ ನೋಡದೆ ನೇರ ಹಿಂದಕ್ಕೆ ನಡೆದಳು. ಗುರುಶಿದ್ದಪ್ಪ ವರಾಂಡದಿಂದ, “ಯಾರವ್ವಾ ನೀ? ಏನು ಬೇಕು?” ಅಂದರು. ಅವಳು ಪಾಯಖಾನೆಯ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಸುಣ್ಣದ ಗೋಡೆ, ನಗುವ ಹನಿ, ಬಹುಮಾನದ ಬಾಗಿಲು. ಒಳಗೆ ನೀರು ಸುರಿಯುವ ಸದ್ದು.

ರೇಣವ್ವ ಹೊರಗೆ ಬಂದು ಕೈ ಝಾಡಿಸಿಕೊಂಡಳು.

“ನೀರು ಕಡಿಮಿ ಐತ್ರಿ,” ಅಂದಳು ಲಕ್ಷ್ಮೀಬಾಯಿಗೆ. “ಬ್ಯಾರಲ್ ಅಲ್ಯಾಕ ಇಟ್ಟೀರಿ, ಝಂಡಾದ ಕಡೆ? ಇಲ್ಲಿ ತರಸ್ರಿ.”

ಮಗಳ ಬೆನ್ನ ಮೇಲೆ ಒಮ್ಮೆ ಕೈಯಿಟ್ಟು, ಅವಳನ್ನು ಅಲ್ಲೇ ಬಿಟ್ಟು, ಯಾರ್ಡಿನ ಬಸ್ಸು ತಪ್ಪೀತೆಂದು ಬಿರಬಿರನೆ ಹೊರಟುಹೋದಳು.