ಮರಿ ಹೊತ್ತವಳ ಕಂಬ

ಬೆಟ್ಟ ಹತ್ತುವುದು ನಮ್ಮ ಮನೆಯವರ ಚಟ, ನನ್ನದಲ್ಲ. ವಾರವೆಲ್ಲ ಜೀನ್ಸ್ ಪ್ಯಾಂಟಿಗೆ ಜೇಬು ಕೂರಿಸಿ ಸೊಂಟ ಹಿಡಿದುಹೋದವಳಿಗೆ ಭಾನುವಾರ ಒಂದು ದಿನ ಕಾಲು ಚಾಚಿ ಮಲಗೋಣ ಅನ್ನಿಸುತ್ತದೆ. ಇವರಿಗೆ ಹಾಗಲ್ಲ. ಆರು ದಿನ ಬಟ್ಟೆ ಕತ್ತರಿಸುತ್ತ ನಿಂತೇ ಇದ್ದವರು, ಭಾನುವಾರ ಬಂತೆಂದರೆ ಯಾವುದೋ ಪಾಳುಗುಡಿ, ಯಾವುದೋ ಕೋಟೆ ಅಂತ ಹೊರಟುಬಿಡುತ್ತಾರೆ. ರಾಯದುರ್ಗದ ಬೆಟ್ಟವನ್ನು ಇವರು ಹತ್ತಿದಷ್ಟು ಸಲ ಇಲ್ಲಿನ ಕೋತಿಗಳೂ ಹತ್ತಿರಲಿಕ್ಕಿಲ್ಲ.

ಈ ಚಟ ಹಚ್ಚಿದವರು ಮಡಕಶಿರಾದ ಆಂಜನಪ್ಪ ಮಾವ, ಇವರ ತಾಯಿಯ ತಮ್ಮ. ವಯಸ್ಸಿನಲ್ಲಿ ಕುರಿ ಹೊಡೆದುಕೊಂಡು ಬೆಳುಗುಪ್ಪದ ಹೊಲಗಳವರೆಗೂ ಬಂದು ಹೋದವರು. ಹಾಗೆ ಬಂದಾಗ ಒಮ್ಮೆ ನಮ್ಮ ಬೆಟ್ಟವನ್ನೂ ಹತ್ತಿದ್ದರಂತೆ. ತುದಿಯಲ್ಲಿ ಒಂದು ಹಾಳು ಮಂಟಪ, ಅದರ ಒಂದು ಕಂಬದಲ್ಲಿ ಒಬ್ಬ ಹೆಂಗಸು. ದೇವತೆಯಲ್ಲ, ನಾಟ್ಯದವಳಲ್ಲ. ಹೆಗಲ ಮೇಲೆ ಕುರಿಮರಿ ಹೊತ್ತು, ಕೈಯಲ್ಲಿ ಕೋಲು ಹಿಡಿದು ನಿಂತವಳು. ಮಾವ ಮನೆಗೆ ಹೋಗಿ ಇದನ್ನು ಹೆಂಡತಿಗೆ ಹೇಳಿದ್ದಾರೆ. ಅಂದಿನಿಂದ ಪೆದ್ದಮ್ಮತ್ತೆಗೆ ಅವಳನ್ನು ನೋಡಬೇಕು ಅನ್ನುವುದೊಂದೇ ಆಸೆ.

ಹೋದ ದಸರಾಕ್ಕೆ ನಾವು ಮಡಕಶಿರಾಕ್ಕೆ ಹೋದಾಗ ಅತ್ತೆಯ ಕಣ್ಣಿನ ವಿಷಯ ತಿಳಿಯಿತು. ಕಣ್ಣಿನ ನರ ಒಣಗುತ್ತಿದೆಯಂತೆ. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದದ್ದೂ ಎಷ್ಟು ದಿನವೋ ಹೇಳಲಾಗದು ಅಂತ ಡಾಕ್ಟರು ಕೈಚೆಲ್ಲಿದ್ದರು. ಅತ್ತೆ ಅಳಲಿಲ್ಲ. ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಲೇ ಹೇಳಿದರು.

"ಹೇಮಾವತಿ ನೋಡಿವ್ನಿ, ಲೇಪಾಕ್ಷಿ ನೋಡಿವ್ನಿ. ಎಲ್ಲಿ ನೋಡಿದ್ರೂ ದೇವ್ರು, ರಾಜ್ರು, ಕುಣಿಯೋರು. ನಮ್ಮಂತೋಳ್ನ ಯಾರು ಕಲ್ಲಲ್ಲಿ ಕೆತ್ತವ್ರೆ? ಒಬ್ಬಳು ನಿಮ್ ಬೆಟ್ಟದ ಮ್ಯಾಕೆ ಅವಳಂತೆ, ಅವಳ್ನೊಂದು ನೋಡ್ಬಿಟ್ರೆ ಸಾಕು ಕಣವ್ವ ಪ್ರಸನ್ನ."

"ನೋಡೋಣಂತ ಬರ್ರಿ ಅತ್ತೆ, ನಾನು ಕರ್ಕೊಂಡು ಹೋಗ್ತೀನಿ," ಅಂದುಬಿಟ್ಟೆ. ನಾಲಿಗೆಗೇನು, ಎಲುಬಿಲ್ಲ.

ಕೋಟೆಗೆ ಹತ್ತುವ ಮೆಟ್ಟಿಲುಗಳು ಎತ್ತರ, ಅತ್ತೆಯ ಮಂಡಿಗೆ ಆಗದು. ಅದಕ್ಕೆ ನಮ್ಮ ಮನೆಯವರು ಬೆಟ್ಟದ ಪಕ್ಕೆಯಲ್ಲಿ ಓರೆಯಾಗಿ ಏರುವ ಕುರಿದಾರಿಯೊಂದನ್ನು ಹುಡುಕಿದರು. ಅತ್ತೆ ಮಾವ ಬರುವ ಹಿಂದಿನ ಭಾನುವಾರ ನನ್ನನ್ನೂ ಜೊತೆಗೆ ಎಳೆದುಕೊಂಡು ಹೋದರು. ಹೆಂಗಸರಿಗೆ ಆಗುವ ದಾರಿಯೋ ಅಲ್ಲವೋ, ನನ್ನನ್ನು ಹತ್ತಿಸಿ ನೋಡಬೇಕಿತ್ತಂತೆ. ಇವರು ಮುಂದೆ, ನಾನು ಹಿಂದೆ. ಇವರ ಬೆನ್ನು ನೋಡಿಕೊಂಡು ಹತ್ತಿದವಳಿಗೆ ದಾರಿ ಎಲ್ಲಿ ನೆನಪಿರಬೇಕು. ಅರ್ಧ ಏರಿದ ಮೇಲೆ ದಾರಿ ಎರಡಾಗುವ ಕಡೆ ನಾನು ಕೂತುಬಿಟ್ಟೆ.

"ನೀವು ಹೋಗಿ ಬರ್ರಿ. ಮುಂದಿನ ವಾರ ಅತ್ತೆ ಜೊತಿ ನೋಡ್ತೀನಿ, ಎರಡು ಸಲ ಸಾಯೋದು ಯಾಕ?" ಅಂದೆ.

ಇವರು ನಗುತ್ತ ಎಡಕ್ಕೆ ಏರಿ ಮರೆಯಾದರು. ಸುಮ್ಮನೆ ಎಷ್ಟು ಹೊತ್ತು ಕೂತಿರುವುದು? ಬಲಗಡೆ ಚಪ್ಪಟೆ ಬಂಡೆ, ತಂಪು ಗಾಳಿ, ಕೆಳಗೆ ಊರೆಲ್ಲ ಕಾಣುತ್ತದೆ. ಆ ಕಡೆ ನಡೆದೆ. ನಮ್ಮ ಕಡೆ ಒಂದು ನಂಬಿಕೆ ಇದೆ. ಬೆಟ್ಟಕ್ಕೆ ಹೋದವರು ಕಲ್ಲಿನ ಮೇಲೆ ಕಲ್ಲು ಪೇರಿಸಿ ಬೇಡಿಕೊಂಡರೆ ಸ್ವಂತ ಮನೆ ಆಗುತ್ತದೆ. ಬಾಡಿಗೆ ಮನೆಯವರ ಬೈಗುಳ ತಿಂದು ತಿಂದು ಸಾಕಾಗಿತ್ತು ನನಗೆ. ಒಂದು ಕಡೆ ಪೇರಿಸಿದೆ. ಸ್ವಲ್ಪ ಮುಂದೆ ಹೋಗಿ ಇನ್ನೊಂದು, ಮೇಲಂತಸ್ತಿಗೆ. ಅದರಾಚೆ ಮತ್ತೊಂದು, ಮಗಳಿಗೂ ಇರಲಿ ಅಂತ. ಕವಲಿನ ಹತ್ತಿರ ಯಾರೋ ಆಗಲೇ ಪೇರಿಸಿಟ್ಟ ನುಣುಪಾದ ಕಲ್ಲುಗಳಿದ್ದವು, ಅವನ್ನೂ ತಂದುಕೊಂಡೆ. ಬೇರೆಯವರ ಮನೆ ಕಿತ್ತು ನನ್ನ ಮನೆ ಕಟ್ಟಿದ ಹಾಗಾಯಿತಲ್ಲ ಅಂತ ಒಳಗೊಳಗೇ ನಕ್ಕಿದ್ದೂ ಉಂಟು.

ಆ ಕಲ್ಲು ಪೇರಿಸಿದ್ದು ಯಾರೋ ಅಲ್ಲ, ನಮ್ಮ ಮನೆಯವರೇ. ದಾರಿ ಕವಲಾದ ಕಡೆ ಹೋಗಬೇಕಾದ ಪಕ್ಕಕ್ಕೆ ದೊಡ್ಡದರ ಮೇಲೆ ಸಣ್ಣ ಕಲ್ಲು ಇಟ್ಟು ಹೋಗುವುದು ಕುರಿ ಕಾಯುವವರ ಗುರುತು. ಮಾವನೇ ಇವರಿಗೆ ಕಲಿಸಿದ್ದು. ನಾನು ಹಿಂದೆ ಏದುಸಿರು ಬಿಡುತ್ತ ಬರುವಾಗ ಇವರು ಮುಂದೆ ಗುರುತು ಇಟ್ಟುಕೊಂಡು ಹೋಗಿದ್ದರು. ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಳಿಯುವಾಗ ಮಬ್ಬುಗತ್ತಲು, ಗುರುತು ಕಿತ್ತುಹೋದದ್ದು ಇವರ ಕಣ್ಣಿಗೂ ಬೀಳಲಿಲ್ಲ.

ಮುಂದಿನ ಭಾನುವಾರ ಅತ್ತೆ ಮಾವ ಬಂದೇಬಿಟ್ಟರು. ಆದರೆ ಬೆಳಿಗ್ಗೆಯೇ ಸಾಹುಕಾರರ ಫೋನು: ಲಾರಿ ಬರುತ್ತೆ, ಮಾಲು ಕತ್ತರಿಸಿ ಕೊಡಲೇಬೇಕು. ಇವರು ಮುಖ ಸಣ್ಣಗೆ ಮಾಡಿಕೊಂಡು ಹೊರಟರು.

"ಮಾವ, ಗುರುತು ಮಾಡೀನ್ರಿ. ಅದನ್ನ ನೋಡ್ಕೊಂತ ಹೋದ್ರೆ ಸೀದಾ ಮಂಟಪ," ಅಂದರು.

"ಗುರುತು ಇದ್ಮೇಲೆ ನೀನ್ಯಾಕ್ಲಾ ಉಮೇಶ? ಹೋಗು, ನಿನ್ ಕೆಲ್ಸ ನೋಡು," ಅಂದರು ಮಾವ.

ಅತ್ತೆ ಎಷ್ಟು ಹುರುಪಿನಲ್ಲಿದ್ದರು ಅಂದರೆ, ಹೊಸ ಸೀರೆ ಉಟ್ಟು, ತಲೆಗೆ ಹೂ ಮುಡಿದು ಬಂದಿದ್ದರು. ನನ್ನ ಕೈ ಹಿಡಿದು ಒಂದೊಂದೇ ಹೆಜ್ಜೆ ಹತ್ತುತ್ತಿದ್ದರು. ಆಗಿನ್ನೂ ಅವರಿಗೆ ನೇರ ಮುಂದಿರುವುದು ಕಾಣುತ್ತಿತ್ತು, ಅಕ್ಕಪಕ್ಕದ್ದು ಕಾಣುತ್ತಿರಲಿಲ್ಲ. ಮಾವ ಮುಂದೆ ಮುಂದೆ ಹೋಗಿ, ಗುರುತು ಸಿಕ್ಕಾಗಲೆಲ್ಲ ಕೂಗಿ ಹೇಳುತ್ತಿದ್ದರು.

"ಬಲಕ್ಕೆ ಮಡಗವ್ನೆ ಬರ್ರಿ. ಹುಡುಗ ಚೆನ್ನಾಗಿ ಕಲ್ತವ್ನೆ."

ನಾನು ಕೆಳಗೆ ಅತ್ತೆಯ ಪಾದ ನೋಡುತ್ತಿದ್ದೆ, ಎಲ್ಲಿ ಜಾರುತ್ತಾರೋ ಅಂತ. ಬಲಕ್ಕೆ ಅಂದದ್ದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ತಲೆ ಎತ್ತಿ ನೋಡಿದ್ದರೆ ಆ ಬಂಡೆ, ಆ ಗಾಳಿ ನನಗೆ ಗೊತ್ತಾಗುತ್ತಿತ್ತು. ನೋಡಲಿಲ್ಲ. ಚಪ್ಪಟೆ ಬಂಡೆ ದಾಟಿ, ಮುಳ್ಳುಕಂಟಿ ಸರಿಸಿ, ಕಡಿದಾದ ಜಾಗವೊಂದನ್ನು ಅತ್ತೆ ಕೂತುಕೊಂಡೇ ಹತ್ತಿದರು. ಮೊಣಕೈ ತರಚಿತು. ಅವರು ಲೆಕ್ಕಕ್ಕೇ ಇಡಲಿಲ್ಲ. "ಇನ್ನೆಷ್ಟು ದೂರ ಅವಳೆ?" ಅಂತ ಒಂದೇ ಕೇಳುತ್ತಿದ್ದರು. ಆಮೇಲೆ ದಾರಿ ಮುಗಿಯಿತು. ಮುಂದೆ ಬರೀ ಪ್ರಪಾತ, ಮೇಲೆ ಹತ್ತಲಾಗದ ಗೋಡೆಯಂಥ ಬಂಡೆ.

ಮಾವ ಹಿಂದಕ್ಕೆ ಹೋಗಿ ಬಂಡೆಯ ತುದಿಯಲ್ಲಿದ್ದ ಕೊನೆಯ ಗುರುತಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದೊಂದೇ ಕಲ್ಲು ಮುಟ್ಟಿ ನೋಡಿದರು.

"ಇದು ಉಮೇಶ ಮಡಗಿದ್ದಲ್ಲ. ಕುರಿಯೋರು ಮೂರು ಕಲ್ಲಿನ ಮ್ಯಾಕೆ ಮಡಗಲ್ಲ. ಇದ್ಯಾವಳೋ ಮನೆ ಕಟ್ಟವಳೆ."

ಆಗ ತಲೆ ಎತ್ತಿ ನೋಡಿದೆ. ನನ್ನ ಮಗಳ ಮನೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಆದರೆ ಬಾಯಿ ತಡೆಯಲಿಲ್ಲ.

"ನಾನ್ರಿ ಮಾವ. ನಾನೇ ಕಟ್ಟಿದ್ದು. ಕವಲಿನಾಗಿದ್ದ ಗುರುತೂ ನಾನೇ ಕಿತ್ತೀನಿ," ಅಂದು ಅಳತೊಡಗಿದೆ.

ಮಾವ ಎದ್ದು ಬಂದು ಅತ್ತೆಯ ಇನ್ನೊಂದು ಕೈ ಹಿಡಿದುಕೊಂಡರು. ಇಳಿದು ಬೇರೆ ದಾರಿ ಹಿಡಿಯಲು ಅತ್ತೆಯ ಕಾಲು ಒಪ್ಪಲಿಲ್ಲ. ಆಗಲೇ ಹಿಮ್ಮಡಿ ಊದಿಕೊಂಡಿತ್ತು. ಇಳಿಸುವಷ್ಟರಲ್ಲಿ ಸಾಕುಬೇಕಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಆ ತುತ್ತನ್ನು ನಾನೇ ತಟ್ಟಿ ಬೀಳಿಸಿದ್ದೆ. ಅತ್ತೆ ಮಾತ್ರ ಆಟೋದಲ್ಲಿ ನನ್ನ ತಲೆ ಸವರಿ, "ಮನೆ ಆಗ್ಲಿ ಬಿಡವ್ವ, ಹೆಂಗಸಿಗೆ ಮನೆ ಆಸೆ ಇರಬಾರದಾ?" ಅಂದರು. ಅದರ ಬದಲು ಒಂದು ಏಟು ಕೊಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಕಾಲು ವಾಸಿಯಾಗಲು ದಿನ ಹಿಡಿಯಿತು. ಆಮೇಲೆ ಹೊಸ ವರ್ಷದ ಮಾಲು, ಆಮೇಲೆ ಸಂಕ್ರಾಂತಿ ಮಾಲು. ಫೋನು ಮಾಡಿದಾಗಲೆಲ್ಲ, "ಅತ್ತೆ, ಕಣ್ಣು ಹೆಂಗೈತ್ರಿ?" ಅಂತ ಕೇಳುತ್ತಿದ್ದೆ. "ಐತೆ ಬಿಡು," ಅನ್ನುತ್ತಿದ್ದರು. ಒಂದೇ ಉತ್ತರ. ನಾನೂ ಅದನ್ನೇ ನಂಬಿದೆ, ನಂಬಿದರೆ ನನಗೆ ಅನುಕೂಲವಿತ್ತು.

ಸಂಕ್ರಾಂತಿ ಕಳೆದ ಮೇಲೆ ಮತ್ತೆ ಬಂದರು. ಈ ಸಲ ಸೀರೆ ಹಳೆಯದು, ಹೂವಿಲ್ಲ. ನಮ್ಮ ಮನೆಯವರು ಸಾಹುಕಾರರ ಫೋನು ಎತ್ತಲೇ ಇಲ್ಲ. ಕಡಿದಾದ ದಾರಿ ಬಂದ ಕಡೆಯೆಲ್ಲ ಅತ್ತೆಯನ್ನು ಬೆನ್ನ ಮೇಲೆ ಹೊತ್ತರು. ಬಿಸಿಲು ನೆತ್ತಿಗೇರುವ ಮೊದಲೇ ಮಂಟಪ ತಲುಪಿದೆವು.

ಅವಳಿದ್ದಳು. ನಾನೂ ಅಂದೇ ಮೊದಲ ಸಲ ನೋಡಿದ್ದು. ಮೊಳದುದ್ದ ಇದ್ದಾಳೆ ಅಷ್ಟೇ. ಮರಿಯ ನಾಲ್ಕೂ ಕಾಲು ಅವಳ ಎದೆಯ ಮೇಲೆ ಒಟ್ಟಿಗೆ ಸೇರಿವೆ, ಅವನ್ನು ಒಂದೇ ಕೈಯಲ್ಲಿ ಹಿಡಿದಿದ್ದಾಳೆ. ನಿಂತ ಭಂಗಿ ನೋಡಿದರೆ ಸಾಕ್ಷಾತ್ ನಮ್ಮ ಪೆದ್ದಮ್ಮತ್ತೆ. ಖುಷಿಯಿಂದ ಹೇಳೋಣ ಅಂತ ತಿರುಗಿದೆ.

ಅತ್ತೆ ಆಗಲೇ ನಮ್ಮ ಕೈ ಬಿಡಿಸಿಕೊಂಡು ಒಬ್ಬರೇ ಮಂಟಪದೊಳಗೆ ನಡೆದಿದ್ದರು. ಎದುರಿನ ಕಂಬದ ಮುಂದೆ ನಿಂತು, ಸೆರಗು ಸರಿಮಾಡಿಕೊಂಡು, ತಲೆ ಎತ್ತಿ ನೋಡುತ್ತಿದ್ದರು. ಆ ಕಂಬದಲ್ಲಿ ಏನೂ ಇಲ್ಲ, ಬರೀ ಒರಟು ಕಲ್ಲು. ಮರಿ ಹೊತ್ತವಳು ಅವರ ಬೆನ್ನ ಹಿಂದಿದ್ದಳು.

ಮಾವ "ಏ, ಅಲ್ಲಲ್ಲ," ಅನ್ನಲು ಹೋದರು. ನಮ್ಮ ಮನೆಯವರು ಅವರ ತೋಳು ಹಿಡಿದರು. ಹೋಗಿ ಅತ್ತೆಯ ಭುಜ ಹಿಡಿದು ತಿರುಗಿಸಿ ನಿಲ್ಲಿಸಬಹುದಿತ್ತು. ತಿರುಗಿಸಿದ ಮೇಲೂ ಕಾಣದಿದ್ದರೆ? ನನಗೆ ಧೈರ್ಯ ಬರಲಿಲ್ಲ. ನಾನು ನಿಂತಲ್ಲೇ ನಿಂತೆ.

ಅತ್ತೆ ಬಹಳ ಹೊತ್ತು ಆ ಒರಟು ಕಲ್ಲನ್ನು ನೋಡಿದರು. ಆಮೇಲೆ ನನ್ನ ಉಸಿರಾಟದ ಸದ್ದು ಬಂದ ಕಡೆಗೆ ಮುಖ ತಿರುಗಿಸಿ ಕೈ ಚಾಚಿದರು.

"ನೋಡ್ದೆ ಕಣವ್ವ ಪ್ರಸನ್ನ. ಎಷ್ಟು ಚೆನ್ನಾಗವಳೆ. ಇನ್ನು ನೀನು ಅವತ್ತಿನ ಆ ಕಲ್ಲಿನ ಮಾತು ಮನಸಲ್ಲಿ ಮಡೀಕಬ್ಯಾಡ."