ಮೇಷ್ಟ್ರ ಮರೆವಿನ ಪಟ್ಟಿ

ಆ ಟಿಪ್ಪಣಿಯನ್ನು ಅಳಿಸಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕಥೆಯ ನಡುವೆ ನನ್ನ ಪರವಾಗಿ ನಾನೇ ವಕಾಲತ್ತು ವಹಿಸಲು ಶುರು ಮಾಡುತ್ತೇನೆ. ಮಾತಿನಲ್ಲಿ ನಾನು ಸುಲಭಕ್ಕೆ ಸೋಲುವವಳಲ್ಲ.

ನಮ್ಮದು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿ. ಡಯಾಲಿಸಿಸ್ ಯಾರಿಗೆ, ಯಾವ ಯಂತ್ರದಲ್ಲಿ, ಎಷ್ಟು ಗಂಟೆಗೆ ಎಂದು ಸರದಿ ಗೊತ್ತುಮಾಡಿ ರೋಗಿಗಳ ಫೋನಿಗೆ ಸಂದೇಶ ಕಳಿಸುವ ಭಾಗ ನಮ್ಮ ತಂಡದ್ದು. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ‘ಒಪ್ಪಿದೆ’ ಎಂಬ ಬಟನ್ ಒತ್ತಿದರಷ್ಟೇ ಅದು ಆಸ್ಪತ್ರೆಗೆ ಹೋಗುತ್ತದೆ. ಓದುವುದು ಎಂಬುದೆಲ್ಲ ಕಾಗದದ ಮೇಲಿನ ಮಾತು. ನೀನು ನನ್ನದಕ್ಕೆ ಒತ್ತು, ನಾನು ನಿನ್ನದಕ್ಕೆ ಒತ್ತುತ್ತೇನೆ ಎಂಬುದು ನಮ್ಮೊಳಗಿನ ವಾಡಿಕೆ. ಹನ್ನೊಂದು ವರ್ಷಗಳಲ್ಲಿ ಅದರಿಂದ ಯಾರ ಕೂದಲೂ ಕೊಂಕಿರಲಿಲ್ಲ.

ಮೇಷ್ಟ್ರು ಮಾತ್ರ ಪ್ರತಿ ಸಾಲನ್ನೂ ಓದುತ್ತಿದ್ದರು. ಇಪ್ಪತ್ತೈದು ವರ್ಷ ಗಣಿತ ಪಾಠ ಮಾಡಿ, ಶಾಲೆ ಮುಚ್ಚಿದ ಮೇಲೆ, ಐವತ್ತೆರಡನೇ ವಯಸ್ಸಿನಲ್ಲಿ ಕೋಡ್ ಬರೆಯಲು ಕಲಿತು ಬಂದವರು. ಅವರನ್ನು ಆರು ತಿಂಗಳ ಪರೀಕ್ಷೆಯ ಮೇಲೆ ತೆಗೆದುಕೊಂಡಿದ್ದರು. ಅದು ಶುಕ್ರವಾರಕ್ಕೆ ಮುಗಿಯುವುದಿತ್ತು. ಅವರ ಅಂಗಿಯ ಜೇಬಿನಲ್ಲಿ ಅಂಗೈಯಗಲದ ಒಂದು ನೋಟ್‌ಬುಕ್ಕು. ತಾವು ಮರೆತದ್ದನ್ನೆಲ್ಲ ತಾರೀಖು ಸಮೇತ ಅದರಲ್ಲಿ ಬರೆದಿಡುತ್ತಿದ್ದರು. ಬಸ್ಸಿನಲ್ಲಿ ಬಿಟ್ಟ ಛತ್ರಿ, ಲಿಫ್ಟಿನಲ್ಲಿ ಒತ್ತಿದ ತಪ್ಪು ಮಹಡಿ, ಯಾರದೋ ಹೆಸರು. ಅವರ ತಾಯಿ ಐವತ್ತೈದಕ್ಕೆಲ್ಲ ಹೆತ್ತ ಮಗನ ಗುರುತನ್ನೇ ಮರೆತಿದ್ದರಂತೆ.

“ನಂದು ಯಾವತ್ತು ಶುರುವಾಗುತ್ತೆ ಅಂತ ಗೊತ್ತಾಗ್ಬೇಕಲ್ಲ ಮೇಡಂ” ಎಂದಿದ್ದರು ಒಮ್ಮೆ.

“ನನ್ನ ಗಂಡನ ಪಟ್ಟಿ ಇದಕ್ಕಿಂತ ಉದ್ದ ಇದೆ, ಸುಮ್ನಿರಿ ಮೇಷ್ಟ್ರೇ” ಎಂದು ನಾನು ನಕ್ಕಿದ್ದೆ.

ಸೋಮವಾರ ಮಧ್ಯಾಹ್ನ ಅವರು ಒಂದು ಬದಲಾವಣೆಯನ್ನು ನನ್ನ ಒಪ್ಪಿಗೆಗೆ ಕಳಿಸಿದರು. ಯಂತ್ರವೊಂದು ಕೆಟ್ಟರೆ ಆ ಯಂತ್ರದ ರೋಗಿಗಳಿಗೆ ‘ಸರದಿ ರದ್ದಾಗಿದೆ’ ಎಂದು ತಾನಾಗಿ ತಿಳಿಸುವ ಕೋಡ್. ಆಗ ನಾನು ಫೋನಿನಲ್ಲಿ ತಂಗಿಯ ಜೊತೆ ಜಗಳ ಕಾಯುತ್ತಿದ್ದೆ. ನನ್ನ ಮನೆಯಲ್ಲಿ ಎರಡು ವರ್ಷದಿಂದ ಬಿದ್ದಿದ್ದ ಅವಳ ಹೊಲಿಗೆ ಯಂತ್ರ, ನಾನು ಅದನ್ನು ಒರೆಸಿ ಎಣ್ಣೆ ಬಿಟ್ಟು ಸರಿಮಾಡಿದ ಮರುದಿನವೇ ಅವಳಿಗೆ ನೆನಪಾಗಿತ್ತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ‘ಒಪ್ಪಿದೆ’ ಒತ್ತಿದೆ. ಕೋಡಿನ ಕೆಳಗೆ ಮೇಷ್ಟ್ರು ಟಿಪ್ಪಣಿ ಬರೆದಿದ್ದಾರೆ ಎಂಬ ಗುರುತು ಕಾಣುತ್ತಿತ್ತು. ಅದನ್ನು ತೆರೆಯಲಿಲ್ಲ.

ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಒಂದು ಯಂತ್ರ ಕೆಟ್ಟಿತು. ನರ್ಸ್ ಅವಸರದಲ್ಲಿ ಯಂತ್ರದ ಸಂಖ್ಯೆ ತುಂಬದೆ ಬಿಟ್ಟರು. ಯಾವ ಯಂತ್ರ ಎಂದು ತಿಳಿಯದ ನಮ್ಮ ಕೋಡ್ ಎಲ್ಲ ಯಂತ್ರಗಳ ಸರದಿಯನ್ನೂ ರದ್ದು ಮಾಡಿತು. ನಲವತ್ತೊಂದು ಜನ ಮನೆಯಲ್ಲೇ ಉಳಿದರು. ನರ್ಸುಗಳು ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆಸಿಕೊಂಡರು. ಫೋನ್ ಎತ್ತದ ಒಬ್ಬ ದರ್ಜಿಯನ್ನು ಮಾತ್ರ ಸಂಜೆ ಉಸಿರು ಕಟ್ಟಿದ ಸ್ಥಿತಿಯಲ್ಲಿ ಹೊತ್ತು ತಂದರು. ಬದುಕಿಕೊಂಡರು ಎಂಬ ಸುದ್ದಿ ಬರುವಾಗ ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ.

ಹನ್ನೊಂದಕ್ಕೆ ವಿಚಾರಣೆಯ ಮೀಟಿಂಗ್ ಇತ್ತು. ಹತ್ತೂವರೆಗೆ ಆ ಟಿಪ್ಪಣಿಯನ್ನು ಮೊದಲ ಸಲ ತೆರೆದು ಓದಿದೆ. “ಯಂತ್ರದ ಸಂಖ್ಯೆ ಖಾಲಿ ಇದ್ದರೆ ಎಲ್ಲರ ಸರದಿಯೂ ರದ್ದಾಗಬಹುದೆಂದು ಅನುಮಾನ. ದಯವಿಟ್ಟು ನೋಡಿ, ಸರಿಯಿದ್ದರೆ ಮಾತ್ರ ಒಪ್ಪಿ ಮೇಡಂ.” ಅದೇ ವಾರ ನನ್ನನ್ನು ತಂಡದ ಮುಖ್ಯಸ್ಥೆಯನ್ನಾಗಿ ಮಾಡುವ ಮಾತು ನಡೆದಿತ್ತು. ಟಿಪ್ಪಣಿ ಅಳಿಸುವ ಅಧಿಕಾರ ತಂಡದಲ್ಲಿ ಹಿರಿಯಳಾದ ನನಗಿತ್ತು. ಒಂದು ಬಟನ್ ಒತ್ತಿದೆ, ಅಷ್ಟೆ.

ನಮ್ಮ ಮ್ಯಾನೇಜರಿಗೆ ‘ಸಮಾಧಾನ’ ಎಂದೇ ಅಡ್ಡಹೆಸರು. ಕಟ್ಟಡಕ್ಕೆ ಬೆಂಕಿ ಬಿದ್ದರೂ ಅವರು ಮೊದಲು ಹೇಳುವುದು ಆ ಮಾತನ್ನೇ. ಯಾರ ಮೇಲೂ ಗೂಬೆ ಕೂರಿಸಬಾರದೆಂದು ಅವರೇ ಮಾಡಿದ ನಿಯಮವೊಂದಿದೆ. ಇಂಥ ಮೀಟಿಂಗಿನಲ್ಲಿ ಹೆಸರು ಹೇಳುವಂತಿಲ್ಲ; ‘ಬರೆದವರು’, ‘ಒಪ್ಪಿದವರು’ ಎನ್ನಬೇಕು. ಯಾರು ಯಾರೆಂದು ಎಲ್ಲರಿಗೂ ಗೊತ್ತಿರುತ್ತದೆ, ಬಾಯಿ ಬಿಡುವವರು ಯಾರೂ ಇಲ್ಲ. ಅವತ್ತು ಆ ನಿಯಮದ ಮರೆಯಲ್ಲಿ ನಾನು ಬೆಚ್ಚಗೆ ಕೂತಿದ್ದೆ.

“ಬರೆದವರಿಗೆ ಈ ಅನುಮಾನ ಬರ್ಲಿಲ್ವಾ?” ಎಂದರು ಮ್ಯಾನೇಜರ್.

“ಬಂದಿತ್ತು ಸರ್. ಕೆಳಗಡೆ ಟಿಪ್ಪಣಿ ಬರ್ದಿದ್ದೆ” ಎಂದರು ಮೇಷ್ಟ್ರು.

ಗೋಡೆಯ ಪರದೆಯ ಮೇಲೆ ಆ ಪುಟ ತೆರೆದುಕೊಂಡಿತು. ಕೋಡಿನ ಕೆಳಗೆ ಖಾಲಿ. ಮೇಷ್ಟ್ರು ಎದ್ದು ಹೋಗಿ ಕನ್ನಡಕ ಹಣೆಗೇರಿಸಿಕೊಂಡು, ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಹುಡುಕಿದರು. ಮತ್ತೊಮ್ಮೆ ಹುಡುಕಿದರು. ನಾನು ಮೇಜಿನ ಮೇಲಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತೆ.

“ಮೇಡಂ, ನಿಮಗೇನಾದ್ರೂ ಕಾಣಿಸಿತ್ತಾ?”

“ಗಮನಿಸಿಲ್ಲ ಮೇಷ್ಟ್ರೇ.”

ಅವರು ರೇಗಿದ್ದರೆ, ನನ್ನ ಕಡೆ ಬೆರಳು ತೋರಿಸಿದ್ದರೆ, ನಾನು ಹಲ್ಲು ಕಚ್ಚಿ ವಾದಿಸುತ್ತಿದ್ದೆ. ಅದಕ್ಕೆ ತಯಾರಾಗಿಯೇ ಬಂದಿದ್ದೆ. ಅವರು ತಲೆಯಾಡಿಸಿ ನನ್ನ ಪಕ್ಕದ ಕುರ್ಚಿಗೆ ವಾಪಸು ಬಂದರು. ಜೇಬಿನಿಂದ ನೋಟ್‌ಬುಕ್ಕು ತೆಗೆದು ನಿಧಾನವಾಗಿ ಬರೆದರು. ನನಗೆ ಓದಲು ಸಿಗುವಷ್ಟು ಹತ್ತಿರ. ‘ಬುಧವಾರ. ಬರೆಯದೇ ಇದ್ದದ್ದನ್ನು ಬರೆದೆ ಎಂದುಕೊಂಡೆ.’ ಅದರ ಕೆಳಗೆ ಎರಡು ಗೆರೆ ಎಳೆದರು. ನನ್ನ ಮೇಲೆ ಅವರಿಗೆ ಎಳ್ಳಷ್ಟೂ ಅನುಮಾನ ಬಂದಿರಲಿಲ್ಲ.

“ಸಮಾಧಾನ. ಶುಕ್ರವಾರ ನಾವಿಬ್ರೂ ಕೂತು ಮಾತಾಡೋಣ” ಎಂದರು ಮ್ಯಾನೇಜರ್, ಮೆಲ್ಲಗೆ. ಉಳಿದವರೆಲ್ಲ ತಮ್ಮ ತಮ್ಮ ಫೋನ್ ನೋಡತೊಡಗಿದರು.

“ಶುಕ್ರವಾರದ ತನಕ ಬೇಡ ಸರ್” ಎಂದರು ಮೇಷ್ಟ್ರು. “ಇಂಥ ತಲೆ ಇಟ್ಕೊಂಡು ರೋಗಿಗಳ ಕೆಲಸ ಮಾಡ್ಬಾರ್ದು. ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು. ಇವತ್ತೇ ಬಿಡ್ತೀನಿ. ನಾಳೆ ಡಾಕ್ಟರ ಹತ್ರ ಹೋಗ್ತೀನಿ.”

ಅಲ್ಲಿಯವರೆಗೆ ನಾನು ಒಂದು ಕೆಲಸ ಕಿತ್ತುಕೊಳ್ಳುತ್ತಿದ್ದೇನೆ ಎಂದಷ್ಟೇ ಅಂದುಕೊಂಡಿದ್ದೆ.

“ಬರ್ದಿದ್ರು” ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ಆ ಟಿಪ್ಪಣಿಯನ್ನು ಒಂದಕ್ಷರ ಬಿಡದೆ ಬಾಯಿಪಾಠ ಒಪ್ಪಿಸಿದೆ, ಕೊನೆಯ ‘ಮೇಡಂ’ ಸಮೇತ. “ಸೋಮವಾರ ಓದ್ದೇನೇ ಒತ್ತಿದೆ. ಇವತ್ತು ಹತ್ತೂವರೆಗೆ ಓದಿ ಅಳಿಸ್ದೆ.”

“ಸಮಾಧಾನ, ಸಮಾಧಾನ. ಇಲ್ಲಿ ಯಾರ ಹೆಸರೂ ಹೇಳೋ ಹಾಗಿಲ್ಲ...”

“ಹೆಸರು ಹೇಳ್ತಿಲ್ಲ ಸರ್. ನಾನು ಅಂತಿದ್ದೀನಿ.”

ಮೇಷ್ಟ್ರು ನನ್ನ ಕಡೆ ತಿರುಗಿದರು. ಬೈಗುಳಕ್ಕೆ ನಾನು ತಲೆ ತಗ್ಗಿಸಿದೆ.

“ಅಂದ್ರೆ, ನಾನು ಬರ್ದಿದ್ದೆ?”

“ಬರ್ದಿದ್ರಿ.”

“ನಿಜವಾಗ್ಲೂ?”

“ನಿಜವಾಗ್ಲೂ ಮೇಷ್ಟ್ರೇ.”

ಅವರು ನೋಟ್‌ಬುಕ್ಕು ತೆರೆದು ಆಗ ತಾನೇ ಬರೆದ ಸಾಲನ್ನು ಹೊಡೆದುಹಾಕಿದರು. ಕಣ್ಣು ತುಂಬಿತ್ತು, ಮುಖದಲ್ಲಿ ನಗು. ಕೆಲಸ ಉಳಿಯುತ್ತದೋ ಇಲ್ಲವೋ ಎಂಬುದು ಆ ಹೊತ್ತಿನಲ್ಲಿ ಅವರ ತಲೆಯಲ್ಲೇ ಇರಲಿಲ್ಲ.

ಲ್ಯಾಪ್‌ಟಾಪ್ ಅಲ್ಲೇ ಬಿಟ್ಟು ಮನೆಗೆ ಹೋಗಿ, ಮುಂದಿನದನ್ನು ಪತ್ರದಲ್ಲಿ ತಿಳಿಸುತ್ತೇವೆ ಎಂದು ಮ್ಯಾನೇಜರ್ ನನಗೆ ಹೇಳಿದರು. ನಾನು ಎದ್ದು ಬಾಗಿಲವರೆಗೆ ಹೋದೆ. ಅಷ್ಟು ಹೊತ್ತಿಗೆ ಮೇಷ್ಟ್ರ ಮುಖದ ನಗು ಇಳಿದಿತ್ತು.

“ಮೇಡಂ” ಎಂದರು. “ನಮ್ಮಮ್ಮನ ವಿಷಯ ನಿಮಗೆ ಗೊತ್ತಿತ್ತಲ್ಲ?”

ಹಿಡಿಕೆಯ ಮೇಲೆ ಕೈಯಿಟ್ಟು ನಿಂತೆ. “ಗೊತ್ತಿತ್ತು ಮೇಷ್ಟ್ರೇ” ಎಂದೆ.